ಉಂಡ ಕೈ ತೊಳೆಯುವ ತೋಟ

ಶಾಲೆಯಲ್ಲಿ ನಗು ಬರಿಸುವ ಪ್ರಸಂಗಗಳಿಗೆ ಎಂದೂ ಬರ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲೂ ಅವು ಕೈಕೊಟ್ಟದ್ದನ್ನು ನಾನು ನೋಡಿಲ್ಲ. ಆದರೆ ಅವುಗಳದ್ದು ಒಂದೇ ಕೆಟ್ಟ ಗುಣ. ಸಂಜೆ ಮನೆಗೆ ಹೋಗಿ ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬರಿಸಿದ ಹಾಗಾಗುತ್ತದೆ. ನಮ್ಮ ಯಜಮಾನರು ಇದ್ದಷ್ಟು ದಿನ ನನಗೆ ಆ ತೊಂದರೆ ಇರಲಿಲ್ಲ. ಕಾಲು ತೊಳೆದು ಒಳಗೆ ಬರುವುದರೊಳಗೇ ಅರ್ಧ ಹೇಳಿ ಮುಗಿಸಿರುತ್ತಿದ್ದೆ. ಅವರು ಹೋದ ಮೇಲೆ ಹೇಳಬೇಕಾದ್ದೆಲ್ಲ ಒಳಗೇ ಉಳಿಯಿತು. ಮಕ್ಕಳು ಮರಿ ಇಲ್ಲದ ಮನೆ, ಗೋಡೆಗೆ ಹೇಳಿದರೆ ಅದು ನಗುವುದಿಲ್ಲ. ಅದಕ್ಕೇ ಈಗ ನಿಮ್ಮನ್ನು ಹಿಡಿದು ಕೂರಿಸಿಕೊಂಡಿದ್ದೇನೆ, ಸ್ವಲ್ಪ ಸಹಿಸಿಕೊಳ್ಳಬೇಕು.

ನಮ್ಮ ಬೀದರ್ ಕಡೆ ಹಳ್ಳಿಗಳಲ್ಲಿ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳನ್ನು 'ಬಾಯಿ' ಅನ್ನುತ್ತಾರೆ. ನನಗೆ ಇನ್ನೂ ಒಂದು ಬಾಲ ಅಂಟಿತ್ತು, 'ತೋಟದ ಬಾಯಿ' ಅಂತ. ಯಾವ ಶಾಲೆಗೆ ಹೋದರೂ ಕೈತೋಟ ಮತ್ತು ಬಿಸಿಯೂಟ ಎರಡೂ ನನ್ನ ಕೊರಳಿಗೇ ಬೀಳುತ್ತಿದ್ದವು. ಮಕ್ಕಳು ತಾವೇ ಬೆಳೆದದ್ದನ್ನು ತಾವೇ ಉಣ್ಣಬೇಕು, ವಿಷ ಹಾಕಬಾರದು, ನೀರು ಪೋಲು ಮಾಡಬಾರದು, ಹೀಗೆ ಹೇಳುವುದು ನನಗೂ ಇಷ್ಟವೇ. ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾರೆ ಅನ್ನುವುದು ಮಾತ್ರ ಆಗ ನನಗೆ ಗೊತ್ತಿರಲಿಲ್ಲ.

ಕಟ್ಟಿಕೊಂಡೇ ಹುಟ್ಟಿದ ಮೆಂತ್ಯ

ಮೊದಲ ತೋಟ ಭಾಲ್ಕಿಯಲ್ಲಿ. ನಮ್ಮ ಹೆಡ್ ಮಾಸ್ತರರಿಗೆ ಉತ್ಸಾಹ ಬಹಳ. ಬೀಜ ಹಾಕಿದ ವಾರದಲ್ಲೇ ಉದ್ಘಾಟನೆ ಇಟ್ಟುಬಿಟ್ಟರು, ಅತಿಥಿಯನ್ನೂ ಕರೆದರು. ಮಡಿಯಲ್ಲಿ ನೋಡಿದರೆ ಇರುವೆಯ ಮೀಸೆಯಷ್ಟು ಮೊಳಕೆ.

"ಇಷ್ಟರಾಗ ಏನು ತೋರ್ಸೋದ್ರಿ?" ಅಂತ ನಾನು ಕೇಳಿದೆ.

"ಉದ್ಘಾಟನಾ ಅಂದ ಮ್ಯಾಲೆ ಹಸರು ಕಾಣಬೇಕ್ರಿ ಬಾಯಿ. ಅದರ ಬಂದೋಬಸ್ತ್ ನಾ ಮಾಡ್ತೇನಿ," ಅಂದರು.

ಬಂದೋಬಸ್ತ್ ಏನೆಂದರೆ, ಬೆಳಿಗ್ಗೆ ಜವಾನನನ್ನು ಪೇಟೆಗೆ ಓಡಿಸಿ ಮೆಂತ್ಯಪಲ್ಯ ತರಿಸಿ ಮಡಿಯಲ್ಲಿ ನೆಡಿಸಿದ್ದು. ಕಟ್ಟು ಬಿಚ್ಚಿ ನೆಡಬೇಕು ಅಂತ ನಾನು ಹೇಳಿದೆ. ಜವಾನ ಬಿಚ್ಚಿ ನೋಡಿದ, ಒಂದೊಂದೇ ಎಳೆ ಸೊರಗಿ ಮಲಗಿಬಿಟ್ಟಿತು. "ಬಿಚ್ಚಿದ್ರ ನಿಲ್ಲಂಗಿಲ್ರಿ ಬಾಯಿ. ಕಟ್ಟಿನ ಮ್ಯಾಲೆ ಮಣ್ಣ ಏರಿಸ್ತೇನಿ, ಯಾರಿಗೂ ಕಾಣಲ್ಲ," ಅಂದ. ನಿಜವಾಗಿಯೂ ಕಾಣಲಿಲ್ಲ. ಮಡಿ ಹಸಿರು ಜಮಖಾನೆ ಹಾಸಿದ ಹಾಗೆ ಇತ್ತು.

ಅತಿಥಿ ದೊಡ್ಡ ರುಮಾಲಿನ ಹಿರಿಯ ರೈತ. ಟೇಪು ಕತ್ತರಿಸಿದವರು ಅಲ್ಲಿಗೇ ಸುಮ್ಮನಾಗಬಹುದಿತ್ತು. ಹೊಲ ಕಂಡ ಕೈ, ಸುಮ್ಮನಿರಲಿಲ್ಲ. ಬಗ್ಗಿ ಒಂದು ಗಿಡ ಹಿಡಿದು ಮೆಲ್ಲಗೆ ಎಳೆದರು. ಬಾಳೆನಾರಿನ ಗಂಟು ಸಮೇತ ಇಡೀ ಕಟ್ಟು ಎದ್ದು ಬಂತು. ಹೆಡ್ ಮಾಸ್ತರರ ಮುಖ ಅದೇ ಮೆಂತ್ಯದ ಬಣ್ಣಕ್ಕೆ ತಿರುಗಿತು. ಹಿರಿಯರು ಕಟ್ಟನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಬಹಳ ಗಂಭೀರವಾಗಿ ಅಂದರು: "ಹೆಡ್ ಮಾಸ್ತರ್, ಜನ್ಮಾನೆಲ್ಲ ಒಕ್ಕಲತನ ಮಾಡೀನಿ. ನಮ್ಮ ಹೊಲದಾಗ ಮೆಂತ್ಯ ಬಿಡಿಬಿಡಿ ಹುಟ್ತದ. ನಿಮ್ಮ ಬೀಜ ಭಾರಿ ಛಲೋ ಅದ, ಕಟ್ಟಿಕೊಂಡೇ ಹುಟ್ಲಕತ್ತದ. ನನಗೂ ಜರಾ ಕೊಡ್ರಿ."

ಆ ಸಂಜೆ ಇದನ್ನು ಕೇಳಿ ಯಜಮಾನರಿಗೆ ಚಹಾ ನೆತ್ತಿಗೆ ಹತ್ತಿತು. ಆಮೇಲೆ ಅವರು ಪೇಟೆಯಿಂದ ಮೆಂತ್ಯ ತಂದಾಗಲೆಲ್ಲ ಬಾಗಿಲಲ್ಲೇ ಕೂಗುತ್ತಿದ್ದರು: "ನಿಮ್ಮ ಸಾಲಿ ಬೀಜದ್ದೇ ತಂದೀನಿ, ನಾರು ತಗದು ನೆಡು!"

ಗಿಡಕ್ಕೆ ಚಟ ಹತ್ತಿದರೆ

ಅವರು ಹೋದ ಮರುವರ್ಷ ನನಗೆ ಔರಾದ ಕಡೆ ವರ್ಗವಾಯಿತು. ಡಾಬಕಾ ಅನ್ನುವ ಊರಿನಿಂದ ಇನ್ನೂ ಒಳಗೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಸಣ್ಣ ಊರು. ಅಲ್ಲಿ ಅರ್ಧ ಮಂದಿ ಕನ್ನಡದಲ್ಲಿ ಬೈಯುತ್ತಿದ್ದರು, ಇನ್ನರ್ಧ ಮರಾಠಿಯಲ್ಲಿ. ಮಕ್ಕಳಿಗೆ ಎರಡೂ ಸರಾಗ. ಬೀದರಿನಿಂದ ದಿನಾ ಹೋಗಿಬರುವುದು ಆಗದ ಮಾತು, ಊರಲ್ಲೇ ಒಂದು ಕೋಣೆ ಹಿಡಿದೆ.

ಒಬ್ಬಳಿಗೆ ಅಡುಗೆ ಮಾಡಿಕೊಳ್ಳುವುದು ಎಂಥ ಬೇಸರದ ಕೆಲಸ ಅಂತ ಮಾಡಿದವರಿಗೇ ಗೊತ್ತು. ಬೆಳಿಗ್ಗೆ ಚಹಾಕ್ಕೆ ಅದ್ದಿದ ಖಾರಿ ಬಿಸ್ಕೀಟು, ರಾತ್ರಿ ಉಳಿದ ರೊಟ್ಟಿಗೆ ಮೊಸರು. ಮಧ್ಯಾಹ್ನದ ಬಿಸಿಯೂಟ ಒಂದೇ ನನಗೆ ಊಟ ಅನ್ನಿಸುತ್ತಿತ್ತು. ವರಾಂಡದಲ್ಲಿ ಮಕ್ಕಳು ಎದುರುಬದುರು ಸಾಲಾಗಿ ಕೂರುತ್ತಿದ್ದರು, ನಾನು ಸಾಲಿನ ತುದಿಗೆ ತಟ್ಟೆ ಇಟ್ಟುಕೊಳ್ಳುತ್ತಿದ್ದೆ. ನಿಜ ಹೇಳಿದರೆ ಆ ಸಾಲು ಮಕ್ಕಳಿಗಿಂತ ನನಗೇ ಹೆಚ್ಚು ಬೇಕಾಗಿತ್ತು.

ನಾನು ಹೋದ ವರ್ಷವೇ ಮಳೆ ಕೈಕೊಟ್ಟಿತು. ಬೋರಿನ ನೀರು ಗುಟುಕು ಗುಟುಕಾಗಿ ಬರುತ್ತಿತ್ತು. ಅದಕ್ಕೆ ಒಂದು ಪದ್ಧತಿ ಹಾಕಿದೆ. ಒಬ್ಬೊಬ್ಬರಿಗೆ ಒಂದೊಂದು ಗಿಡ. ಉಂಡ ಮೇಲೆ ಅವರವರು ಅವರವರ ಗಿಡದ ಬುಡದಲ್ಲೇ ಕೈ ತೊಳೆಯಬೇಕು. ಕೈಗಂಟಿದ ಅನ್ನ ಬೇಳೆಯೂ ಗಿಡಕ್ಕೆ ಊಟ ಅಂತ ಹೇಳಿಕೊಟ್ಟೆ. ಗಿಡ ಬದುಕಿದವು. ಬದನೆಗೆ ಹುಳ ಬಿತ್ತು.

"ಅಂಗಡಿ ವಿಷ ಬ್ಯಾಡ. ತಂಬಾಕ ನೆನಸಿದ ನೀರು ಹೊಡದ್ರ ಹುಳ ಸಾಯ್ತಾವ," ಅಂತ ಪಾಠ ಮಾಡಿದೆ. ಮರುದಿನ ಎರಡನೇ ಇಯತ್ತೆಯ, ಅಂದರೆ ಎರಡನೇ ಕ್ಲಾಸಿನ, ಹುಡುಗಿಯೊಬ್ಬಳು ಒಂದು ಚೀಲದ ತುಂಬ ತಂಬಾಕು ತಂದುಕೊಟ್ಟಳು. ನೆನೆಸಿ, ಸೋಸಿ, ಹೊಡೆದೆವು. ಹುಳ ಉದುರಿದವು, ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವುದರೊಳಗೆ ಗೇಟಿನಲ್ಲಿ ಬಡಿಗೆ ಊರಿಕೊಂಡು ಆ ಹುಡುಗಿಯ ಆಯಿ, ಅಂದರೆ ಅಜ್ಜಿ, ಪ್ರತ್ಯಕ್ಷ.

"ಸಾಲಿ ಬಾಯಿ ಯಾರು?"

"ನಾನೇ ಆಯಿ, ಬರ್ರಿ."

"ಬರೋದು ಹೋಗೋದು ಇರ್ಲಿ. ನನ್ನ ತಂಬಾಕ ಎಲ್ಲದ?"

"ಬದನಿಗಿ ಹೊಡದೇವ್ರಿ ಆಯಿ. ನೀವೂ ಬಿಟ್ಟುಬಿಡ್ರಿ, ಅದು ವಿಷ. ಹುಳಾನೇ ಹ್ಯಾಂಗ ಸತ್ತಾವ ನೋಡ್ರಿ."

"ಹುಳ ಸತ್ತಾವ. ನಾ ಸತ್ತೀನೇನು?" ಅಂದಳು ಆಯಿ. ಸೊಂಟಕ್ಕೆ ಕೈ ಇಟ್ಟು ಬದನೆಗಿಡಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಕೊನೆಗೆ ನನ್ನ ಕಡೆ ತಿರುಗಿ, "ಇವತ್ತೇನೋ ಕುಡಿಸಿದಿ. ನಾಳಿಗಿ ಈ ಗಿಡಕ್ಕ ಚಟ ಹತ್ತಿತಂದ್ರ ದಿನಾ ಯಾರು ತಂದು ಕೊಡ್ತಾರ? ನೀನಾ, ಸರ್ಕಾರಾ?"

ಮುತ್ಯಾನ ಜಳಕ

ನೀರಿನ ಪಾಠ ಮಾಡುವಾಗ ನಾನು ಹೇಳಿದ್ದು ಇಷ್ಟೇ: ಜಳಕದ ನೀರೂ ಚೆಲ್ಲಬಾರದು, ಗಿಡಕ್ಕೆ ಹೋಗಬೇಕು.

ಮೂರನೇ ಇಯತ್ತೆಯಲ್ಲಿ ಒಬ್ಬಳು ಚೂಟಿ ಹುಡುಗಿ ಇದ್ದಳು. ಅವಳ ಅವ್ವ-ಅಪ್ಪ ಆಗಲೇ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು, ಮನೆಯಲ್ಲಿ ಅವಳೂ ಅವಳ ಮುತ್ಯಾ, ಅಂದರೆ ಅಜ್ಜನೂ ಇಬ್ಬರೇ. ಒಂದು ಭಾನುವಾರ ಬೆಳಿಗ್ಗೆ ಕೋಣೆಯಲ್ಲಿ ಕೂತು ಕೂತು ತಲೆ ಕೆಟ್ಟು, ಮಕ್ಕಳ ಮನೆ ನೋಡಿ ಬರೋಣ ಅಂತ ಹೊರಟೆ. ಹಿತ್ತಿಲ ಕಡೆಯಿಂದ ದೊಡ್ಡ ದನಿಯಲ್ಲಿ ಮುತ್ಯಾ ಕೂಗಿದ.

"ಯಾರದು? ಬಾಯೇನ್ರಿ? ಅಲ್ಲೇ ನಿಲ್ರಿ! ಈ ಕಡಿ ಬರಬ್ಯಾಡ್ರಿ, ಗಿಡಕ್ಕ ನೀರು ಬಿಡ್ಲಕತ್ತೀನಿ!"

"ಬಿಡ್ರಿ ಮುತ್ಯಾ, ಛಲೋ ಆಯ್ತು. ನಾನೂ ಸ್ವಲ್ಪ ನೋಡ್ತೇನಿ."

"ನೋಡಂಗಿಲ್ರಿ! ಮೈ ಮ್ಯಾಲೆ ಧೋತರ ಇಲ್ರಿ!"

ನಾನು ಗೋಡೆಯ ಈಚೆಗೇ ನಿಂತೆ. ಆಮೇಲೆ ಧೋತರ ಉಟ್ಟುಕೊಂಡು ಬಂದ ಮುತ್ಯಾ ತನ್ನ ಗೋಳು ತೋಡಿಕೊಂಡ. ಬಚ್ಚಲಿನಿಂದ ನೀರು ಹೊರುವುದು ಯಾಕೆ ಅಂತ ಮೊಮ್ಮಗಳು ಅವನನ್ನೇ ಹಿತ್ತಿಲ ತೋಟಕ್ಕೆ ಕರೆದೊಯ್ದು ಕೂರಿಸುತ್ತಿದ್ದಳಂತೆ. ನಿನ್ನೆ ಬದನೆ ಸಾಲು, ಇವತ್ತು ಮೆಣಸಿನಕಾಯಿ ಸಾಲು.

"ಕೂತಲ್ಲೇ ಜಳಕ ಮಾಡೋದು ಒಂದು ಕಡಿ ಇರ್ಲಿ ಬಾಯಿ. ಸಾಬೂನು ಹಚ್ಚಂಗಿಲ್ಲ ಅಂತಾಳ್ರಿ, ಗಿಡಕ್ಕ ಉರಿ ಆಗ್ತದಂತ! ನನ್ನ ಮೈ ಕೆರೀತದ ಅಂದ್ರ, 'ಬೇವಿನ ತಪ್ಪಲ ತಿಕ್ಕೋ ಮುತ್ಯಾ, ನಿನ್ನ ಹುಳಾನೂ ಸಾಯ್ತಾವ' ಅಂತಾಳ್ರಿ."

ಹುಡುಗಿಯನ್ನು ಕರೆದು ಮುತ್ಯಾನ ಪರವಾಗಿ ಎರಡು ಮಾತು ಹೇಳಿದೆ. ಅವಳು ತಲೆ ಕೆರೆದುಕೊಂಡು ಯೋಚನೆ ಮಾಡಿದಳು. "ಹಂಗಾದ್ರ ನಾಳಿಗಿ ಟಮಾಟಿ ಸಾಲಿಗಿ ಕೂಡಿಸ್ತೇನಿ ಬಾಯಿ. ಅಲ್ಲಿ ಗೋಡಿ ಎತ್ತರ ಅದ."

ಕಂತಿನ ಊಟ

ದೀಪಾವಳಿ ಮುಗಿಯುತ್ತಿದ್ದಂತೆ ಮುಕಾದಮರು, ಕಬ್ಬು ಕಡಿಯುವ ಮಂದಿಯನ್ನು ಕಲೆಹಾಕುವವರು, ಲಾರಿ ತಂದು ನಿಲ್ಲಿಸಿದರು. ಒಂದೊಂದು ಲಾರಿ ಹೊರಟಾಗಲೂ ನಮ್ಮ ವರಾಂಡದ ಸಾಲು ಅಷ್ಟಷ್ಟು ಗಿಡ್ಡ ಆಗುತ್ತ ಬಂತು. ಕೆಲವು ಮನೆಯವರು ಕಬ್ಬಿಗೆ, ಕೆಲವರು ಇಟ್ಟಂಗಿ ಸುಡುವ ಭಟ್ಟಿಗೆ. ತಂಬಾಕಿನ ಆಯಿಯ ಮೊಮ್ಮಗಳೂ ಹೋದಳು.

ಹೋಗುವ ಮಕ್ಕಳಿಗೆ ದೊಡ್ಡ ಚಿಂತೆ ತಮ್ಮ ಗಿಡದ್ದು. ಲಾರಿ ಹಾರ್ನ್ ಹೊಡೆಯುತ್ತಿದ್ದರೆ ಓಡಿ ಬಂದು ಗಿಡ ಒಪ್ಪಿಸಿ ಹೋಗುತ್ತಿದ್ದರು. ಇದ್ದ ಮಕ್ಕಳ ಪಾಲಿಗೆ ಒಂದೊಂದು ಹೆಚ್ಚಾಯಿತು, ಉಳಿದದ್ದೆಲ್ಲ ನನ್ನ ತಲೆಗೆ ಬಂತು. ಆಯಿಯ ಮೊಮ್ಮಗಳು ನನ್ನ ಸೆರಗು ಹಿಡಿದು ಕರಾರು ಮಾಡಿಕೊಂಡಳು.

"ಬಾಯಿ, ನನ್ನ ಟಮಾಟಿ ಬುಡಕ್ಕ ಬರೇ ನೀರು ಹಾಕಿದ್ರ ನಡಿಯಂಗಿಲ್ಲ. ಉಂಡ ಕೈನೇ ತೊಳೀಬೇಕು. ನೀವೇ ಹೇಳೀರಿ, ಗಿಡಾನೂ ಉಣ್ಬೇಕಂತ."

ಆಯ್ತವ್ವ ಅಂದೆ. ಅಳುವ ಕಣ್ಣಿನ ಮಗುವಿಗೆ ಮತ್ತೇನು ಹೇಳಲಿ? ಮಾತು ಕೊಟ್ಟದ್ದು ಒಬ್ಬಳಿಗಾದರೂ ಉಳಿದ ಮಕ್ಕಳು ಅದನ್ನು ಎಲ್ಲ ಗಿಡಕ್ಕೂ ಹಚ್ಚಿದರು. ಅವರು ನನ್ನ ಮೇಲೆ ಇಟ್ಟ ಕಾವಲು ಪೊಲೀಸರೂ ಇಡಲಾರರು.

ಹೀಗಾಗಿ ನನ್ನ ಊಟ ಕಂತಿನ ಊಟವಾಯಿತು. ತಟ್ಟೆ ಒಂದು ಕೈಯಲ್ಲಿ, ಚೊಂಬು ಪಕ್ಕದಲ್ಲಿ. ಒಂದು ತುತ್ತು ಉಣ್ಣು, ಟಮಾಟಿಗೆ ಕೈ ತೊಳೆ. ಇನ್ನೊಂದು ತುತ್ತು, ಬದನೆಗೆ ತೊಳೆ. ನಡುವೆ ಒಂದು ಬಿಟ್ಟರೆ ವರಾಂಡದಿಂದ ಕೂಗು: "ಬಾಯಿ, ಆ ನುಗ್ಗಿಗಿ ಇನ್ನಾ ಉಂಡಿಲ್ಲ ನೀವು!" ಹೊಟ್ಟೆಯಲ್ಲಿ ಜಾಗ ಇಲ್ಲದಿದ್ದರೂ ನುಗ್ಗೆ ಗಿಡದ ಸಲುವಾಗಿ ಒಂದು ತುತ್ತು ಉಣ್ಣಬೇಕು.

ಸಾಲಿನಲ್ಲಿ ಕೂತು ಮಕ್ಕಳೊಂದಿಗೆ ಹರಟಿ ಅಭ್ಯಾಸವಾದ ಬಾಯಿ, ಗಿಡದ ಹತ್ತಿರವೂ ಸುಮ್ಮನಿರಲಿಲ್ಲ. ನಿನ್ನ ಮಾಲಕ ಕಬ್ಬಿನ ಹೊಲದಾಗ ಅದಾನಪ, ಬರ್ತಾನ, ಒಣಗಬ್ಯಾಡ. ನಿನ್ನಾಕಿ ಭಟ್ಟಿ ಹತ್ರ ಅದಾಳ, ಹೂ ಬಿಟ್ಟಿ ಅಂತ ಕೇಳಿದ್ರ ಕುಣೀತಾಳ. ಹೀಗೆ ಏನೇನೋ. ಮಾತಾಡುತ್ತ ಮಾತಾಡುತ್ತ ಕೆಲವು ಸಲ ಶಾಲೆಯ ಸಂಗತಿ, ಮನೆಯ ಸಂಗತಿ, ಯಜಮಾನರು ನಕ್ಕದ್ದು, ಎಲ್ಲ ಹೇಳಿಬಿಡುತ್ತಿದ್ದೆ. ಕೇಳುವವರು ಸಿಕ್ಕಿದ್ದರಲ್ಲ!

ಕಂಪೌಂಡ್ ಗೋಡೆ ಗಿಡ್ಡ. ಆಚೆಗೆ ಊರ ಕಟ್ಟೆ. ಕಟ್ಟೆಯ ಮೇಲೆ ಕೂತ ಮುದುಕರಿಗೆ ಆ ವರ್ಷ ಬೇರೆ ಮನರಂಜನೆ ಇರಲಿಲ್ಲ. ಬಾಯಿ ನಿಂತಲ್ಲಿ ನಿಲ್ಲದೆ ಉಣ್ಣುತ್ತಾಳೆ, ಸಕ್ಕರೆ ಬ್ಯಾನಿ ಬಂದಿದೆ ಅಂತ ಒಬ್ಬರು. ಗಾಳಿ ಸೋಕಿದೆ ಅಂತ ಇನ್ನೊಬ್ಬರು. ನಮ್ಮ ಅಡುಗೆಯ ಅಕ್ಕನಿಗೆ ಹೆದರಿಕೆಯಾಗಿ, ಊರಿಗೆ ಬಂದ ಆರೋಗ್ಯದ ನರ್ಸಮ್ಮನನ್ನು ನೇರ ಶಾಲೆಗೇ ಎಳೆದು ತಂದಳು. ನರ್ಸಮ್ಮ ನನ್ನ ಬೆರಳು ಚುಚ್ಚಿ ನೋಡಿ, ಸಕ್ಕರೆ ಇಲ್ಲ, ಬಿಪಿಯೂ ಸರಿ ಇದೆ ಅಂದರು.

ಅಕ್ಕನಿಗೆ ಸಮಾಧಾನ ಆಗಲಿಲ್ಲ. ಮೆಲ್ಲಗೆ ಕೇಳಿದಳು: "ಬೆರಳು ಇರ್ಲಿ ಸಿಸ್ಟರ್. ಗಿಡದ ಸಂಗಟ ಮಾತಾಡ್ತಾರಲ್ಲ, ಅದಕ್ಕ ಗುಳಗಿ ಏನರ ಅದೇನ್ರಿ?"

ನರ್ಸಮ್ಮ ಚೀಲ ಹೆಗಲಿಗೆ ಹಾಕಿಕೊಂಡರು. "ಸದ್ಯಕ್ಕ ಬ್ಯಾಡ. ಗಿಡ ತಿರುಗಿ ಮಾತಾಡಿತಂದ್ರ ನನಗ ಫೋನ್ ಹಚ್ರಿ."

ಗೋಡೆಯಾಚೆ

ನಡುವೆ ಸಾಲಾಗಿ ರಜೆ ಬಂದವು. ಬೀದರಿನ ಹಳೇ ಊರಿನಲ್ಲಿ ನಮ್ಮ ಬಾಡಿಗೆ ಮನೆ ಹಾಗೇ ಇತ್ತು, ಹೋಗಿ ಬೀಗ ತೆಗೆದೆ. ಅವರ ಚಪ್ಪಲಿ ಬಾಗಿಲ ಹಿಂದೆ ಇದ್ದಲ್ಲೇ ಇದ್ದವು. ಸರಿಸಲು ಮನಸ್ಸಾಗಲಿಲ್ಲ, ನನ್ನವನ್ನು ಅವುಗಳ ಪಕ್ಕಕ್ಕೆ ಬಿಟ್ಟೆ.

ಮನೆಯೆಲ್ಲ ಒರೆಸಿ, ಪುಂಡಿಪಲ್ಯ, ಬೇಳೆ, ಅನ್ನ ಮಾಡಿದೆ. ಅಳತೆ ತಪ್ಪಿತ್ತು, ಬಿಸಿಯೂಟದ ಕೈ. ಪಾತ್ರೆ ತುಂಬ ಮಾಡಿಬಿಟ್ಟಿದ್ದೆ. ನಡುಮನೆಯಲ್ಲಿ ತಟ್ಟೆ ಇಟ್ಟುಕೊಂಡು ಕೂತೆ. ಶಾಲೆಯಲ್ಲಿ ಉಣ್ಣುವ ಮುಂಚೆ ದಿನಾ ಒಂದು ಮಾತು ಕೂಗುವ ರೂಢಿ. ಯೋಚನೆಯೇ ಇಲ್ಲದೆ ಅದೇ ದನಿಯಲ್ಲಿ ಕೂಗಿಬಿಟ್ಟೆ:

"ಎಲ್ಲಾರಿಗೂ ಬಂತೇನ್ರೋ?"

ಖಾಲಿ ಮನೆ, ದನಿ ಗುಂಯ್ ಅಂತು. ನನಗೇ ನಾಚಿಕೆಯಾಗಿ, ತುತ್ತು ಕೈಯಲ್ಲೇ ಹಿಡಿದು ಕೂತೆ. ಅಷ್ಟರಲ್ಲಿ ಗೋಡೆಯಾಚೆಯ ಮನೆಯಿಂದ, ನನ್ನನ್ನು ಯಾವಾಗಲೂ ಬಾಜಿ, ಅಂದರೆ ಅಕ್ಕ, ಅಂತ ಕರೆಯುವ ನೆರೆಯಾಕೆ, ಅಷ್ಟೇ ಎತ್ತರದ ದನಿಯಲ್ಲಿ ಉತ್ತರ ಕೊಟ್ಟಳು:

"ನಮ್ಮ ಕಡಿ ಇನ್ನಾ ಬಂದಿಲ್ರೀ ಬಾಜಿ!"

ಒಂದು ದೊಡ್ಡ ಬಟ್ಟಲು ಪುಂಡಿಪಲ್ಯ ಗೋಡೆ ದಾಟಿತು. ಆಕೆ ರುಚಿ ನೋಡಿ, ಇಷ್ಟು ಸಪ್ಪಗೆ ಯಾರಾದರೂ ಮಾಡ್ತಾರಾ ಅಂತ ಬೈದಳು. ಬೈಸಿಕೊಂಡು ನನಗೆ ಬಹಳ ಹಿತವಾಯಿತು.

ಸಾಹೇಬರು ಬಂದ ದಿನ

ರಜೆ ಮುಗಿಸಿ ಊರಿಗೆ ಬಂದರೆ ವರಾಂಡದಲ್ಲಿ ಬೆರಳೆಣಿಕೆಯ ಮಕ್ಕಳು. ಶಿಕ್ಷಣ ಇಲಾಖೆಯ ಆಫೀಸಿನಿಂದ ಸುದ್ದಿಯೂ ಬಂದಿತ್ತು. ಇಷ್ಟು ಕಡಿಮೆ ಮಕ್ಕಳಿಗೆ ಬೇರೆ ಒಲೆ ಯಾಕೆ, ಸಾಹೇಬರು ಬಂದು ನೋಡುತ್ತಾರೆ, ಆಮೇಲೆ ಅಡುಗೆ ನಿಲ್ಲಿಸಿ ಮಕ್ಕಳನ್ನು ಪಕ್ಕದ ಊರಿನ ಶಾಲೆಗೆ ಕಳಿಸುತ್ತಾರೆ ಅಂತ. ಪಕ್ಕದ ಊರು ನಡೆಯುವಷ್ಟು ಹತ್ತಿರ ಇರಲಿಲ್ಲ. ಒಲೆ ಆರಿದರೆ ಇರುವ ಮಕ್ಕಳೂ ಶಾಲೆ ಬಿಡುತ್ತಾರೆ ಅಂತ ನನಗೆ ಖಾತ್ರಿ. ಆ ಸಾಲು ಮುಗಿದರೆ ನನ್ನದೂ ಮುಗಿದ ಹಾಗೇ ಅನ್ನಿಸಿತು.

ಅದೇ ವಾರ ಒಂದು ವಿಚಿತ್ರ ನಡೆಯಿತು. ಊಟದ ಗಂಟೆ ಹೊಡೆದ ಕೂಡಲೇ ತಂಬಾಕಿನ ಆಯಿ ಬಡಿಗೆ ಊರಿಕೊಂಡು ಬಂದು, ಮೊಮ್ಮಗಳು ಕೂರುತ್ತಿದ್ದ ಜಾಗದಲ್ಲಿ ಕೂತುಬಿಟ್ಟಳು. ಬಗಲಲ್ಲಿ ಬಟ್ಟೆಯ ಗಂಟು.

"ಯಾಕ್ರಿ ಆಯಿ?"

"ಕೈ ತೊಳೀಲಕ ಬಂದೀನಿ. ನಮ್ಮ ಪೋರಿ ಗಿಡ ಅದಲ್ಲ, ಅದಕ್ಕ ನೀ ಯಾಕ ಉಣ್ತಿ? ನಾ ಉಣ್ತೀನಿ."

ಗಂಟು ಬಿಚ್ಚಿ, ಮನೆಯಿಂದ ತಂದ ರೊಟ್ಟಿ ತಿಂದು, ಟಮಾಟಿ ಬುಡದಲ್ಲಿ ಕೈ ತೊಳೆದು ಹೋದಳು. ಮರುದಿನ ಜಳಕದ ಮುತ್ಯಾ ಬಂದ. ಅವನ ಹಿಂದೆ ಕಟ್ಟೆಯ ಮೇಲಿನ ಮಂದಿಯೆಲ್ಲ ಒಬ್ಬೊಬ್ಬರಾಗಿ ಬಂದರು. ಎಲ್ಲರ ಕೈಯಲ್ಲೂ ರೊಟ್ಟಿಯ ಗಂಟು, ಬಿಸಿಯೂಟದ ಒಂದು ಅಗುಳೂ ಮುಟ್ಟುತ್ತಿರಲಿಲ್ಲ. ವರಾಂಡ ತುಂಬಿತು. ಪಾಪ, ಮಕ್ಕಳು ಮೊಮ್ಮಕ್ಕಳು ಊರು ಬಿಟ್ಟ ಮನೆ, ಒಂಟಿ ಜೀವಗಳು, ನನ್ನ ಶಾಲೆಯಿಂದ ಅವರಿಗೆ ಇಷ್ಟಾದರೂ ಆಸರೆಯಾಯಿತಲ್ಲ ಅಂತ ನಾನು ಒಳಗೊಳಗೇ ಬೀಗಿದೆ. ಮತ್ತೆ ಸಾಲಿನ ತುದಿಗೆ ಕೂತು ಹೊಟ್ಟೆ ತುಂಬ ಉಂಡೆ, ಹೊಟ್ಟೆ ತುಂಬ ಹರಟಿದೆ. ಗಿಡಗಳ ಜೊತೆ ಮಾತಾಡಲು ಪುರುಸೊತ್ತೇ ಸಿಗಲಿಲ್ಲ.

ಸಾಹೇಬರು ಸರಿಯಾಗಿ ಊಟದ ಹೊತ್ತಿಗೇ ಬಂದರು. ಜೀಪಿನಿಂದ ಇಳಿದವರು ವರಾಂಡ ನೋಡಿ ನಿಂತುಬಿಟ್ಟರು. ಅಲ್ಲೊಂದು ಇಲ್ಲೊಂದು ಮಗು, ನಡುವೆ ಸಾಲಾಗಿ ರುಮಾಲು, ಸೆರಗು, ಬೊಚ್ಚುಬಾಯಿ.

"ಏನ್ರಿ ಇದು ಬಾಯಿ? ಯಾರಿವರು?"

"ಪಾಲಕರು ಸರ್," ಅಂದೆ.

ಮುತ್ಯಾನ ಮೊಮ್ಮಗಳು ಎದ್ದು ನಿಂತಳು. "ಅಲ್ರಿ ಸರ್. ಎಲ್ಲಾ ನಮ್ಮ ಸಾಲಿಯವರೇ. ಮುತ್ಯಾ, ಸರಳ ಕೂಡು, ಸಾಹೇಬ್ರು ಬಂದಾರ!"

ಮುತ್ಯಾ ಬೆನ್ನು ನೆಟ್ಟಗೆ ಮಾಡಿ ಕೈ ಕಟ್ಟಿದ. ಸಾಹೇಬರಿಗೆ ನಗು ಬಂತೋ ಸಿಟ್ಟು ಬಂತೋ ತಿಳಿಯದು. "ಯಾವ ಕ್ಲಾಸ್ ಅಜ್ಜಾರ?" ಅಂತ ಕೇಳಿದರು.

"ಸದ್ಯಕ್ಕ ಮೂರನೇತ್ತ ರೀ. ಈಕಿ ಪಾಸ್ ಮಾಡಿದ್ರ ನಾಲ್ಕನೇತ್ತ."

ಸಾಹೇಬರು ನನ್ನ ಕಡೆ ತಿರುಗಿದರು. "ಮಕ್ಕಳ ಅನ್ನ ಇವರಿಗಿ ಹಾಕ್ಲಕತ್ತೀರೇನ್ರಿ?"

ನಾನು ಬಾಯಿ ತೆರೆಯುವ ಮುಂಚೆ ತಂಬಾಕಿನ ಆಯಿ ತನ್ನ ಗಂಟನ್ನು ಅವರ ಬೂಟಿನ ಹತ್ತಿರ ಬಿಚ್ಚಿ ಹಾಸಿದಳು. "ನೋಡ್ರಿ ಸಾಹೇಬ್ರ, ನಮ್ಮ ಮನಿ ರೊಟ್ಟಿ. ನಿಮ್ಮ ಅನ್ನ ಯಾರಿಗಿ ಬೇಕಾಗ್ಯಾದ? ಉಪ್ಪಿಲ್ಲ ಖಾರಿಲ್ಲ, ಹಲ್ಲಿಲ್ಲದ ನಮಗೇ ನೋಡಿದ್ರೇ ಸಪ್ಪ ಅನಸ್ತದ."

ಸಾಹೇಬರ ದನಿ ಸ್ವಲ್ಪ ಇಳಿಯಿತು. ಆದರೂ ಕೆಲಸ ಕೆಲಸವೇ. "ಆಯಿ, ಮಕ್ಕಳು ಇಷ್ಟೇ ಇದ್ರ ಒಲಿ ನಡ್ಸೋದು ಆಗಲ್ಲ. ಬಂದ್ ಮಾಡಬೇಕಾಗ್ತದ. ಬಾಯಿ, ನೀವು ಚಿಂತಿ ಮಾಡಬ್ಯಾಡ್ರಿ. ನಿಮಗ ಬೀದರ್‌ದಾಗೇ ಹಾಕಿಸ್ತೇನಿ, ನಿಮ್ಮ ಮನಿ ಹತ್ರ. ಖುಷಿ ಏನ್ರಿ?"

ಬೀದರಿಗೆ ವರ್ಗ ಕೊಡಿ ಅಂತ ಕೇಳುತ್ತ ಬಂದವಳು ನಾನೇ. ಈಗ ಹೌದು ಅನ್ನಲು ಆಗಲಿಲ್ಲ, ಬೇಡ ಅನ್ನುವ ಧೈರ್ಯವೂ ಇರಲಿಲ್ಲ.

ಆಯಿ ಬಡಿಗೆ ಊರಿ ಎದ್ದು ನಿಂತಳು.

"ಆಕಿಗಿ ಏನ್ ಕೇಳ್ತೀರಿ ಸಾಹೇಬ್ರ, ನನಗ ಕೇಳ್ರಿ. ನಾವು ಇಲ್ಲಿ ಯಾಕ ಬರ್ತೇವಿ ತಿಳದೀರಿ? ನಮಗ ಉಣ್ಲಕ ಮನಿ ಇಲ್ಲೇನು? ಈ ಬಾಯಿ ಒಬ್ಬಾಕೀನೇ ಉಂಡ್ರ ಗಿಡದ ಸಂಗಟ ಮಾತಾಡ್ತಾಳ್ರಿ. ಗಂಡನ ಸುದ್ದಿ ಬದನಿಗಿಡಕ್ಕ ಹೇಳ್ಕೋತ ನಿಂದ್ರತಾಳ. ಕಟ್ಟಿ ಮ್ಯಾಲೆ ಕೂತು ನ್ವಾಡೋದು ನಮಗ ಆಗಲಿಲ್ಲ. ಅದಕ್ಕ ಎಲ್ಲಾರೂ ಕೂಡಿ ಮಾತಾಡ್ಕೊಂಡು ದಿನಾ ಗಂಟ ಕಟ್ಕೊಂಡು ಬರ್ತೇವಿ. ಬೀದರ್‌ದಾಗ ಆಕಿ ಸಂಗಟ ಯಾರು ಕೂಡ್ತಾರ? ನೀವು ಕೂಡ್ತೀರಾ?"

ನಾನು ಇವರಿಗೆ ಆಸರೆ ಅಂದುಕೊಂಡಿದ್ದೆ.

ಸಾಹೇಬರು ಬೂಟು ಬಿಚ್ಚಿಟ್ಟು ಬಂದು ಮುತ್ಯಾನ ಪಕ್ಕ ಕೂತರು. ಆಯಿ ತನ್ನ ಗಂಟಿನಿಂದ ಅವರಿಗೆ ಹಿಂಡಿ, ಅಂದರೆ ಮೆಣಸಿನಕಾಯಿ ಚಟ್ನಿ, ಹಚ್ಚಿದ ಒಂದು ರೊಟ್ಟಿ ಹಾಕಿದಳು, ನನಗೂ ಅರ್ಧ ರೊಟ್ಟಿ ಮುರಿದು, ಮೇಲೆ ಏನೋ ಸವರಿ ಕೊಟ್ಟಳು. ಇಬ್ಬರೂ ತುತ್ತು ಇಟ್ಟುಕೊಂಡೆವು.

"ಮಳಿ ಬಂದು ಮಂದಿ ತಿರುಗಿ ಬರೋತನಕ ಒಲಿ ಉರೀಲಿ," ಅಂದರು ಸಾಹೇಬರು ತಟ್ಟೆ ನೋಡುತ್ತಲೇ. "ಮ್ಯಾಲಿನವರಿಗಿ ನಾ ಹೇಳ್ತೇನಿ."

ಅಡುಗೆಯ ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ನನ್ನ ಕಣ್ಣು ಧಾರಾಕಾರ ಸುರಿಯುತ್ತಿದ್ದವು. ಸಾಹೇಬರು ತಲೆ ಎತ್ತಿ ನೋಡಿದರು. ಅವರ ಕಣ್ಣೂ ಕೆಂಪಗಾಗಿ ನೀರು ಸೋರುತ್ತಿತ್ತು.

"ಬಾಯಿ, ಯಾಕ ಅಳ್ಲಕತ್ತೀರಿ?"

"ಏನಿಲ್ಲ ಸರ್," ಅಂದೆ. "ಆಯಿ ಹಿಂಡಿ ಭಾಳ ಖಾರ ಅದ. ನಿಮಗೂ ಹತ್ತ್ಯಾದ ನೋಡ್ರಿ."

ಆಯಿ ಬಾಯಲ್ಲಿದ್ದ ತಂಬಾಕು ಒಂದು ಕಡೆಗೆ ಸರಿಸಿದಳು.

"ಸುಳ್ಳ ರೀ ಸಾಹೇಬ್ರ. ಖಾರದ ಹಿಂಡಿ ನಿಮ್ಮ ರೊಟ್ಟಿಗಿ ಹಚ್ಚೀನಿ. ಆಕಿಗಿ ಕೊಟ್ಟಿದ್ದು ಬೆಲ್ಲ."